ನಿಂತ ನೀರಿನ ಲೆಕ್ಕ

ಆಗ ನನ್ನ ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಮಧುಗಿರಿಯಲ್ಲಿ ಕೂತು ಪಾವಗಡ, ಶಿರಾ, ಕೊರಟಗೆರೆ ಕಡೆಯ ಕುಡಿಯುವ ನೀರಿನ ಯೋಜನೆಗಳನ್ನು ನೋಡಿಕೊಳ್ಳುವ ಎಂಜಿನಿಯರ್ ನಾನು. ಲೆಕ್ಕದಲ್ಲಿ ನನ್ನನ್ನು ಹಿಡಿಯುವವರಿಲ್ಲ ಎಂಬ ಜಂಬವಿತ್ತು. ಅದನ್ನು ಮುಚ್ಚಿಡುವ ಅಭ್ಯಾಸವೂ ಇರಲಿಲ್ಲ.

ಬಲಸಮುದ್ರದ ಕಡೆ ಒಂದು ಹಳ್ಳಿ. ಸುತ್ತ ಕಣ್ಣು ಹಾಯುವಷ್ಟೂ ಸೋಲಾರ್ ಫಲಕಗಳು. ಆದರೆ ಊರಿನ ಆರೋಗ್ಯ ಉಪಕೇಂದ್ರಕ್ಕೆ ಬೆಳಗ್ಗೆ, ಸಂಜೆ ಕರೆಂಟೇ ಇರುತ್ತಿರಲಿಲ್ಲ. ಅಲ್ಲಿನ ನರ್ಸ್ ರತ್ನಮ್ಮ ಹೆರಿಗೆ ಮಾಡಿಸುವುದರಲ್ಲಿ ಪಳಗಿದವರು. ಎಳೆಗೂಸುಗಳನ್ನು ಬೆಚ್ಚಗಿಡುವ ವಾರ್ಮರ್ ಯಂತ್ರ ಬಂದಿದ್ದರೂ ಅದು ಬಟ್ಟೆ ಹೊದ್ದು ಮೂಲೆ ಸೇರಿತ್ತು. ಊರ ಹಿಂದಿನ ಗುಡ್ಡದ ಮೇಲೆ ನಮ್ಮ ಟ್ಯಾಂಕು. ಅಲ್ಲಿಂದ ಪೈಪಿನಲ್ಲಿ ಇಳಿಯುವ ನೀರಿನ ರಭಸ ತಗ್ಗಿಸಲು ಬುಡದಲ್ಲೊಂದು ವಾಲ್ವ್ ಇತ್ತು. ಆ ರಭಸವನ್ನು ವ್ಯರ್ಥ ಮಾಡುವ ಬದಲು ಅದರಿಂದ ಕರೆಂಟು ತೆಗೆಯುವ ಸಣ್ಣ ಟರ್ಬೈನ್ ಕೂರಿಸೋಣ ಎಂದವಳು ನಾನೇ. ನೀರು ಬಿಡುವುದೂ ಬೆಳಗ್ಗೆ, ಸಂಜೆಯೇ ಆದ್ದರಿಂದ ಹೊಂದಿಕೆಯಾಗುತ್ತಿತ್ತು.

ಲೆಕ್ಕ ಕಷ್ಟದ್ದಲ್ಲ. ಪೈಪಿಗೆ ಕೂರಿಸಿದ ಗೇಜ್ ಒತ್ತಡ ತೋರಿಸುತ್ತದೆ. ಚದರ ಸೆಂಟಿಮೀಟರಿಗೆ ಒಂದು ಕಿಲೋ ಒತ್ತಡವೆಂದರೆ ಸುಮಾರು ಹತ್ತು ಮೀಟರ್ ನೀರಿನ ಎತ್ತರ. ಆ ಎತ್ತರವನ್ನು ಸೆಕೆಂಡಿಗೆ ಹರಿಯುವ ನೀರಿನಿಂದಲೂ ಗುರುತ್ವದ 9.81ರಿಂದಲೂ ಗುಣಿಸಿ, ಯಂತ್ರದಲ್ಲಿ ನಷ್ಟವಾಗುವ ಪಾಲನ್ನು ಕಳೆದರೆ ಉಳಿದದ್ದು ವಿದ್ಯುತ್ತು. ಮೂರು ಸಲ ಹೋಗಿ ನೋಡಿದ್ದೆ. ಮೂರೂ ಸಲ ಗೇಜ್ ಆರು ಕಿಲೋ, ಅಂದರೆ ಅರವತ್ತು ಮೀಟರ್ ತೋರಿಸಿತು. ಪೈಪಿನೊಳಗಿನ ಘರ್ಷಣೆಗೆಂದು ಆರು ಮೀಟರ್ ಕಳೆದೆ. ಸೆಕೆಂಡಿಗೆ ಹದಿನೈದು ಲೀಟರ್ ನೀರು, ಯಂತ್ರದ ದಕ್ಷತೆ ನೂರಕ್ಕೆ ಅರವತ್ತು ಎಂದಿಟ್ಟುಕೊಂಡೆ. ನಾಲ್ಕೂಮುಕ್ಕಾಲು ಕಿಲೋವಾಟ್ ಬಂತು. ವಾರ್ಮರ್, ಲಸಿಕೆಯ ಫ್ರಿಜ್, ದೀಪಗಳು, ಪಂಚಾಯ್ತಿಯವರು ಸೇರಿಸಿದ ಶುದ್ಧ ನೀರಿನ ಘಟಕದ ಮೋಟರು, ಎಲ್ಲಕ್ಕೂ ನಾಲ್ಕು ಸಾಕಿತ್ತು.

"ಎಲ್ಲಾ ಒಟ್ಟಿಗೇ ಹಾಕುದ್ರೂ ವಾರ್ಮರ್ ಓಡ್ತದಾ ಮೇಡಂ?" ಎಂದು ರತ್ನಮ್ಮ ಕೇಳಿದರು.

"ಕಣ್ಮುಚ್ಕೊಂಡು ಹಾಕಿ," ಎಂದೆ.

ಉದ್ಘಾಟನೆ ನಡೆದದ್ದು ಹನ್ನೊಂದೂವರೆಗೆ. ಹತ್ತು ನಿಮಿಷ ನೀರು ಬಿಟ್ಟು ನಾಲ್ಕು ಬಲ್ಬು ಉರಿಸಿದೆವು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ಹಾರ ಹಾಕಿಸಿಕೊಂಡೆ.

ಎರಡು ತಿಂಗಳ ಮೇಲೆ ಒಂದು ಬೆಳಗ್ಗೆ ರತ್ನಮ್ಮನ ಫೋನು ಬಂತು. ಅಂಜಿನಮ್ಮ ಎಂಬಾಕೆಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿತ್ತು. ಮಗು ಎರಡು ಕಿಲೋ ಕೂಡ ಇರಲಿಲ್ಲ. ವಾರ್ಮರ್‌ನಲ್ಲಿ ಮಲಗಿಸಿದ ಸ್ವಲ್ಪ ಹೊತ್ತಿಗೆ ಅತ್ತ ನೀರಿನ ಘಟಕದ ಮೋಟರು ಶುರುವಾಯಿತು, ಇತ್ತ ಎಲ್ಲವೂ ಆರಿಹೋಯಿತು. ಎರಡೂ ಒಟ್ಟಿಗೆ ಓಡಿದ್ದು ಅದೇ ಮೊದಲು. ಮತ್ತೆ ಹಾಕಿದರೂ ಕೂಡಲೇ ಆರುತ್ತಿತ್ತು. ಮಗು ತಣ್ಣಗಾಗುತ್ತಿತ್ತು.

ನಾನು ಪಾವಗಡದ ಆಸ್ಪತ್ರೆ ತಲುಪುವಷ್ಟರಲ್ಲಿ ಮಗುವನ್ನು ಒಳಗೆ ಸೇರಿಸಿದ್ದರು. ಉಸಿರಿತ್ತು. "ಮಿಷನ್ನು ನಿಂತೋಯ್ತು. ಸಿಸ್ಟರಮ್ಮ ಹೇಳ್ದಂಗೆ ಎದೆ ಮ್ಯಾಲೆ ಹಾಕ್ಕಂಡು ಬಂದ್ಬುಟ್ಟೆ," ಎಂದಳು ಅಂಜಿನಮ್ಮ. ಅವಳ ದನಿಯಲ್ಲಿ ದೂರಿರಲಿಲ್ಲ. ರತ್ನಮ್ಮ ಮಾತ್ರ ನನ್ನ ಮುಖ ನೋಡದೆ ಹೇಳಿದರು: "ಮುಂಚೆ ಆಗಿದ್ರೆ ಇಂಥೋರನ್ನ ನೋವು ಸುರುವಾಗ್ತಿದ್ದಂಗೇ ಇಲ್ಲಿಗೆ ಕಳ್ಸ್ತಿದ್ದೆ. ನಿಮ್ಮ ಮಾತು ನಂಬ್ಕಂಡು ಅಲ್ಲೇ ಇರಿಸ್ಕಂಡೆ." ನನಗೆ ನಾಚಿಕೆಯಾಯಿತು. ಅಷ್ಟು ನಾಚಿಕೆ ಅದಕ್ಕೆ ಮುಂಚೆ ಎಂದೂ ಆಗಿರಲಿಲ್ಲ.

ಮಾರನೆಯ ದಿನ ಬೆಳಗ್ಗೆ ಆರಕ್ಕೆ ವಾಲ್ವಿನ ಬಳಿ ಹೋದೆ. ನೀರು ಬಿಡುವ ಹನುಮಪ್ಪ ಚಕ್ರ ತಿರುಗಿಸಿದ. ಆರರಲ್ಲಿದ್ದ ಗೇಜಿನ ಮುಳ್ಳು ಇಳಿಯುತ್ತಾ ಬಂದು ಮೂರಕ್ಕೆ ನಿಂತಿತು.

"ಇದ್ಯಾವಾಗಿಂದ ಹೀಗೆ?"

"ದಿನಾ ಇಂಗೇಯ ಮೇಡಮ್ಮೋರೆ. ನೀವು ಬರೋದು ಹನ್ನೊಂದಕ್ಕೆ. ನಾನು ಹತ್ತಕ್ಕೇ ನಿಲ್ಸ್‌ಬುಟ್ಟಿರ್ತೀನಿ. ನಿಂತಿರೋ ನೀರು ನೋಡ್ಕಂಡು ಬರಕೊಂಡು ಹೋಗ್ತಿದ್ರಿ. ನನ್ನ ಯಾರೂ ಕೇಳ್ಲಿಲ್ಲ."

ಸುಣ್ಣ ಕಟ್ಟಿ ಒಳಗೆ ಕಿರಿದಾದ ಹಳೆಯ ಪೈಪು. ವಾಲ್ವ್ ಮುಚ್ಚಿದ್ದಾಗ ಒತ್ತಡ ಪೂರ್ತಿ ಕಾಣುತ್ತದೆ. ನೀರು ಓಡತೊಡಗಿದರೆ ಅದರಲ್ಲಿ ಅರ್ಧದಷ್ಟು ದಾರಿಯಲ್ಲೇ ಸವೆಯುತ್ತದೆ. ಪಾಠದಲ್ಲಿ ಓದಿದ ಸಂಗತಿಯೇ. ತಿಂಡಿ ಮುಗಿಸಿ ಜೀಪು ಹತ್ತುವ ನಮ್ಮ ಪದ್ಧತಿಯಿಂದಾಗಿ ನಾನು ಅದನ್ನು ಕಣ್ಣಾರೆ ನೋಡಿರಲಿಲ್ಲ. ಅಲ್ಲೇ ಕೂತು ಮತ್ತೆ ಗುಣಿಸಿದೆ. ಎರಡೂವರೆ ಕಿಲೋವಾಟ್ ದಾಟಿ ಒಂದಿಷ್ಟು, ಅಷ್ಟೇ.

ಮೇಲಿನವರು ಫೋನಿನಲ್ಲಿ, "ಪೈಪು ಹಳೇದು ಅಂತ ಬರೆದು ಮುಗಿಸಿ," ಎಂದರು. ಬರೆಯಬಹುದಿತ್ತು, ಸುಳ್ಳೂ ಆಗುತ್ತಿರಲಿಲ್ಲ. ನಾನು ಒತ್ತಡ ಅಳೆದ ರೀತಿಯೇ ತಪ್ಪು ಎಂದು ಬರೆದು ಸಹಿ ಹಾಕಿದೆ. ನೋಟಿಸು ಬಂತು. ಪಂಚಾಯ್ತಿಯಲ್ಲಿ ಎಲ್ಲರೆದುರು ನಿಂತು ತಪ್ಪೊಪ್ಪಿಕೊಂಡು, ನೀರಿನ ಘಟಕದ ಮೋಟರನ್ನು ಟರ್ಬೈನಿನಿಂದ ಬಿಡಿಸಿದೆ. ಉಳಿದವಕ್ಕೆ ಎರಡೂವರೆ ಸಾಕಿತ್ತು. ಒಂದಷ್ಟು ಬೈಗುಳವೂ ಸಿಕ್ಕಿತು.

ಹೊಸ ಲೆಕ್ಕದ ಕಾಗದ ಹಿಡಿದು ಉಪಕೇಂದ್ರಕ್ಕೆ ಹೋದೆ. ರತ್ನಮ್ಮ ಅದನ್ನು ಮುಟ್ಟಲಿಲ್ಲ.

"ಕಾಗ್ದ ಬ್ಯಾಡ ಮೇಡಂ. ನಾಳೆ ನೀರು ಬುಡೋ ಹೊತ್ಗೆ ಬಂದು ಇಲ್ಲೇ ಕೂತ್ಕಳಿ."

ಮಾರನೆಯ ದಿನ ಹೋಗಿ ಕೂತೆ. ಹನುಮಪ್ಪ ನೀರು ಬಿಟ್ಟಾಗಿನಿಂದ ನಿಲ್ಲಿಸುವವರೆಗೆ ನಾಲ್ಕು ಗಂಟೆ ವಾರ್ಮರ್, ಫ್ರಿಜ್, ದೀಪ ಎಲ್ಲವೂ ಒಟ್ಟಿಗೇ ಓಡಿದವು. ಲೆಕ್ಕ ಸರಿಯೇ ಎಂದು ಕೇಳುವ ಮೊದಲು, ಅದನ್ನು ನಂಬಿದವರಿಗೆ ಅದು ಬೇಕಾಗುವ ಹೊತ್ತಿನಲ್ಲಿ ನಾನು ಅಲ್ಲಿದ್ದೆನೇ ಎಂದು ಕೇಳಿಕೊಳ್ಳಬೇಕು. ಮೂವತ್ತು ವರ್ಷ ಕೆಲಸ ಮಾಡಿದ ಮೇಲೆ ನನಗದು ತಿಳಿಯಿತು. ಆ ನಾಲ್ಕು ಗಂಟೆಯೂ ಮಗು ಮಲಗುವ ಜಾಗದಲ್ಲಿ ನನ್ನ ಅಂಗೈ ಇಟ್ಟುಕೊಂಡೇ ಕೂತಿದ್ದೆ.