ಹನ್ನೊಂದು ತಿಂಗಳ ಕ್ಲೀನರ್

ನಲ್ಲಾರ್‌ಬೋರ್ ಬಯಲಿನಲ್ಲಿ ಇನ್ನೂ ಸೂರ್ಯ ಹುಟ್ಟಿಲ್ಲ, ಗಾಳಿ ಮಾತ್ರ ಆಗಲೇ ಎದ್ದು ಕೂತಿದೆ. ರಸ್ತೆ ಬದಿಯ ತಂಗುದಾಣದಲ್ಲಿ ಟೀಗನ್ ಹಾರ್ವುಡ್ ಮಗಳನ್ನು ಬೆನ್ನಿಗೆ ಕಟ್ಟಿಕೊಂಡು, ಮರದ ಕೊಡತಿ ಹಿಡಿದು ತನ್ನ ಲಾರಿಗೆ ಸುತ್ತು ಹಾಕುತ್ತಿದ್ದಾಳೆ. ಜೋಡಿ ಟ್ರೇಲರ್, ಮೂವತ್ತನಾಲ್ಕು ಟೈರು. ಒಂದೊಂದಕ್ಕೂ ಒಂದೊಂದು ಏಟು. ಗಾಳಿ ಸರಿಯಿದ್ದರೆ ‘ಡಂ’ ಅನ್ನುತ್ತದೆ, ಇಳಿದಿದ್ದರೆ ‘ಡುಬ್’ ಅನ್ನುತ್ತದೆ. ಪ್ರತಿ ‘ಡಂ’ಗೂ ಬೆನ್ನ ಮೇಲಿನ ಮೇಬಲ್ ಕಿಲಕಿಲ ನಗುತ್ತಾಳೆ.

‘ಡುಬ್ ಅಂದ್ರೆ ನಗಲ್ಲ ನೋಡಿ. ನನಗಿಂತ ಇವಳ ಕಿವೀನೇ ಚುರುಕು’ ಎನ್ನುತ್ತಾಳೆ ಟೀಗನ್. ಲಾರಿ ಅಂದಮೇಲೆ ಕ್ಲೀನರ್ ಬೇಡವೇ? ಈ ಲಾರಿಯ ಕ್ಲೀನರ್‌ಗೆ ಈಗ ಹನ್ನೊಂದು ತಿಂಗಳು, ಹನ್ನೆರಡು ದಿನ.

ಮುಂದೆ ರಾಜ್ಯದ ಗಡಿಯ ತಪಾಸಣೆಯಲ್ಲಿ, ಹುಳು ಹರಡೀತೆಂದು, ಹಣ್ಣು ದಾಟಿಸಲು ಬಿಡುವುದಿಲ್ಲ. ಹಾಗಾಗಿ ಉಳಿದೆರಡು ಬಾಳೆಹಣ್ಣಿನಲ್ಲಿ ಒಂದನ್ನು ಹಿಸುಕಿ ಮಗಳ ಬಾಯಿಗಿಟ್ಟು, ಇನ್ನೊಂದನ್ನು ತಾನು ನಿಂತೇ ನುಂಗುತ್ತಾಳೆ. ಪಕ್ಕದ ಸೀಟಿನಲ್ಲಿ ಮಗುವಿನ ಕುರ್ಚಿ, ಅದರ ಮೇಲೆ ಒಣಗುತ್ತಿರುವ ಎರಡು ಅಂಗಿ. ಪೋರ್ಟ್ ಅಗಸ್ಟಾದಿಂದ ಪರ್ತ್‌ಗೆ ಎರಡು ಸಾವಿರದ ನಾನೂರು ಕಿಲೋಮೀಟರ್. ಬೇರೆಯವರಿಗಿಂತ ಇವಳಿಗೆ ಅರ್ಧ ದಿನ ಹೆಚ್ಚು ಬೇಕು. ಮಗುವಿಗೆ ಹಸಿವಾದಾಗ ಲಾರಿ ನಿಲ್ಲಲೇಬೇಕಲ್ಲ.

ಮೇಬಲ್‌ಳ ಅಪ್ಪ ಗಣಿ ಕೆಲಸಕ್ಕೆಂದು ಉತ್ತರಕ್ಕೆ ಹೋದವನು ಅಲ್ಲೇ ಬೇರೆ ಸಂಸಾರ ಹೂಡಿದ. ಟೀಗನ್‌ಗೆ ಗೊತ್ತಿರುವುದು ಸ್ಟೀರಿಂಗ್ ಒಂದೇ. ಎದೆಹಾಲು ಕುಡಿಯುವ ಕೂಸು ಅಂತ ಲಾರಿ ಮಾಲೀಕ ಕೊಲಿನ್ ಇಷ್ಟು ದಿನ ಕಣ್ಣು ಮುಚ್ಚಿಕೊಂಡ. ಹುಟ್ಟುಹಬ್ಬ ಕಳೆದ ಮೇಲೆ ಕ್ಯಾಬಿನ್‌ನಲ್ಲಿ ಮಗು ಕೂಡದು ಅಂದುಬಿಟ್ಟಿದ್ದಾನೆ. ಇನ್ನು ಹತ್ತೊಂಬತ್ತು ದಿನ. ಆಮೇಲೆ ಮೇಬಲ್ ಪೋರ್ಟ್ ಅಗಸ್ಟಾದಲ್ಲಿ ದೊಡ್ಡಮ್ಮ ಶೆರಿಲ್ ಮನೆಯಲ್ಲಿ, ಅವಳಮ್ಮ ರಸ್ತೆಯಲ್ಲಿ.

‘ಅಕ್ಕ ಚೆನ್ನಾಗೇ ನೋಡ್ಕೋತಾಳೆ, ಅದೇ ನಂಗೆ ಸಂಕಟ’ ಎನ್ನುತ್ತಾಳೆ ಟೀಗನ್. ‘ಮೊದಲ್ನೇ ಹೆಜ್ಜೆ ಅವಳ ಅಡುಗೆಮನೇಲಿ ಇಟ್ಬಿಟ್ರೆ? ಅವಳು ವಿಡಿಯೊ ಕಳಿಸ್ತಾಳೆ. ನಾನು ಯಾವುದೋ ಪೆಟ್ರೋಲ್ ಬಂಕಲ್ಲಿ ನಿಂತು ನೋಡ್ಬೇಕು.’

ಈ ಮಾತನ್ನು ಅವಳು ಯಾರ ಹತ್ತಿರವೂ ಆಡಿರಲಿಲ್ಲ, ಮಗಳ ಹತ್ತಿರ ಬಿಟ್ಟು. ಆದರೂ ಊರಿಗೆಲ್ಲ ಗೊತ್ತಾಯಿತು. ಕಳೆದ ತಿಂಗಳು ಹಾಲಿನ ಬಾಟಲಿ ಜಾರಿ ರೇಡಿಯೊ ಮೈಕಿನ ಗುಂಡಿಯ ಮೇಲೆ ಕೂತುಬಿಟ್ಟಿತು. ಗುಂಡಿ ಒತ್ತಿಕೊಂಡಿದ್ದರೆ ಸುತ್ತಲಿನ ಲಾರಿಯವರ್ಯಾರೂ ಮಾತಾಡುವಂತಿಲ್ಲ, ಇವಳ ಕ್ಯಾಬಿನ್ನಿನ ಸದ್ದೇ ಎಲ್ಲರ ಕ್ಯಾಬಿನ್ನಿಗೂ. ಆ ತಪ್ಪು ಮಾಡಿದವರಿಗೆ ಇಲ್ಲಿ ಬೈಗುಳದ ಅಭಿಷೇಕವೇ ಆಗುತ್ತದೆ. ನಲವತ್ತು ನಿಮಿಷ ಅವಳು ಅತ್ತಳು, ಹಾಡಿದಳು, ಮಗಳ ಮುಂದೆ ಎದೆಯಲ್ಲಿದ್ದದ್ದನ್ನೆಲ್ಲ ತೋಡಿಕೊಂಡಳು. ಆಮೇಲೆ ಬಾಟಲಿ ಕಂಡು ಎತ್ತಿದಳು. ಬೈಯಲು ಒಬ್ಬರಿಗೂ ಬಾಯಿ ಬರಲಿಲ್ಲ. ಕೊನೆಗೆ, ಹಿಂದೆಯೇ ಕುರಿ ತುಂಬಿಕೊಂಡು ಬರುತ್ತಿದ್ದ ಮುದುಕ ಮರ್ವ್ ಗಂಟಲು ಸರಿಮಾಡಿಕೊಂಡ.

‘ಎಲ್ಲಾ ಕೇಳಿಸ್ತು ಕಣಮ್ಮ. ಅಳು, ಬೇಡ ಅನ್ನಲ್ಲ. ಹಾಡೊಂದು ಬಿಟ್ಬಿಡು, ನನ್ನ ಕುರಿಗಳು ಗಾಬರಿ ಬಿದ್ದಿವೆ.’

ಅಂದಿನಿಂದ ಎದುರಾಗುವ ಪ್ರತಿ ಲಾರಿಯವನದೂ ಒಂದೇ ಪ್ರಶ್ನೆ: ನಡೆದಳಾ? ಮಗು ಮಲಗಿರಬಹುದೆಂದು ಹಾರ್ನ್ ಹೊಡೆಯುವುದಿಲ್ಲ, ದೀಪ ಮಿನುಗಿಸುತ್ತಾರೆ. ಒಳ್ಳೆಯ ಜನ. ಆದರೆ ಈ ರೇಡಿಯೊ ಹದಿನೈದು ಕಿಲೋಮೀಟರ್ ದಾಟಿದರೆ ಹೆಚ್ಚು. ಐದಾರು ನಿಮಿಷದ ನೆಂಟಸ್ತಿಕೆ, ಆಮೇಲೆ ಬರೀ ಗೊರಗೊರ. ತಾಸುಗಟ್ಟಲೆ ಒಂದು ಮರವಿಲ್ಲ, ಒಂದು ಮನೆಯಿಲ್ಲ. ಅಯ್ಯೋ, ಹತ್ತೊಂಬತ್ತು ದಿನ ಕಳೆದರೆ ಆ ಕ್ಯಾಬಿನ್ನಿನಲ್ಲಿ ಮಗುವೂ ಇರುವುದಿಲ್ಲ.

ಮಧ್ಯಾಹ್ನ ಕಡ್ಡಾಯದ ಹದಿನೈದು ನಿಮಿಷದ ವಿರಾಮ. ಎಷ್ಟೋ ಸಲ ಈ ಹೊತ್ತಿಗೆ ಮೇಬಲ್ ಮಲಗಿರುತ್ತಾಳೆ, ಟೀಗನ್ ಅವಳ ಪಾದ ನೋಡುತ್ತಾ ಕೂತಿರುತ್ತಾಳೆ. ಇವತ್ತು ಎಚ್ಚರವಾಗಿದ್ದಾಳೆ. ಟಾರ್ಪಾಲಿನ ತುಂಡು ಹಾಸಿ, ಟೈರು ಹಿಡಿಸಿ ನಿಲ್ಲಿಸಿ, ಟೀಗನ್ ನಾಲ್ಕು ಹೆಜ್ಜೆ ದೂರದಲ್ಲಿ ಕುಕ್ಕರುಗಾಲಲ್ಲಿ ಕೂರುತ್ತಾಳೆ. ಎದುರಿನಿಂದ ಕುರಿ ಲಾರಿಯೊಂದು ದೀಪ ಮಿನುಗಿಸಿ ಹಾದುಹೋಗುತ್ತದೆ. ಕ್ಯಾಬಿನ್ನಿನ ತೆರೆದ ಬಾಗಿಲಿನಿಂದ, ರೇಡಿಯೊದಲ್ಲಿ ಮರ್ವ್‌ನ ದನಿ: ‘ನಡೆದಳೇನಮ್ಮ?’

ಟೀಗನ್ ಏಳುವುದಿಲ್ಲ. ಮೇಬಲ್ ಒಂದು ಕೈ ಬಿಡುತ್ತಾಳೆ. ತುಂಬ ಹೊತ್ತು ಯೋಚಿಸುತ್ತಾಳೆ. ಇನ್ನೊಂದು ಕೈಯನ್ನೂ ಬಿಡುತ್ತಾಳೆ. ಅಷ್ಟು ದೊಡ್ಡ ಬಯಲಲ್ಲಿ ಏನನ್ನೂ ಹಿಡಿಯದೆ, ಗಾಳಿಗೆ ತೂಗಾಡುತ್ತಾ, ಒಬ್ಬಳೇ ನಿಲ್ಲುತ್ತಾಳೆ. ಆಮೇಲೆ ದೊಪ್ಪನೆ ಕೂತು ಅಮ್ಮನ ಕಡೆ ನೋಡುತ್ತಾಳೆ.

ವಿರಾಮ ಮುಗಿಯುತ್ತದೆ. ಟೀಗನ್ ಮಗಳನ್ನು ಕುರ್ಚಿಗೆ ಬಿಗಿದು, ಮೈಕ್ ಎತ್ತಿಕೊಂಡು ಹೇಳುತ್ತಾಳೆ: ‘ಇಲ್ಲ ಮರ್ವ್, ನಡೀಲಿಲ್ಲ. ನಿಂತ್ಳು. ಎರಡೂ ಕೈ ಬಿಟ್ಟು ನಿಂತ್ಳು.’

ಬರೀ ಗೊರಗೊರ. ಕುರಿ ಲಾರಿ ಆಗಲೇ ದೂರ ಹೋಗಿಬಿಟ್ಟಿದೆ. ಅವಳು ಮೈಕನ್ನು ಕೊಕ್ಕೆಗೆ ಸಿಕ್ಕಿಸಿ, ಬಾಟಲಿಯನ್ನು ಅದರಿಂದ ದೂರ ಇಟ್ಟು, ಮಗಳ ಕಡೆ ತಿರುಗುತ್ತಾಳೆ.

‘ಹೋಗ್ಲಿ ಬಿಡು. ನಾನು ನೋಡಿದ್ನಲ್ಲ.’