ಸ್ಟ್ಯಾನಿಸ್ಲಾಸನ ದುರ್ಬೀನು

ಮಣಿಪಾಲದ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದ ಸ್ಟ್ಯಾನಿಸ್ಲಾಸನಿಗೆ ಕಣ್ಣು ಅಷ್ಟಕ್ಕಷ್ಟೆ. ಅಂಥವನು ಹಕ್ಕಿ ನೋಡುವ ಹುಚ್ಚು ಹಚ್ಚಿಕೊಂಡದ್ದು ದೇವರಿಗೂ ಆಶ್ಚರ್ಯವಾಗಿರಬೇಕು. ತಪ್ಪೆಲ್ಲ ಕುವೈತಿನಿಂದ ದುರ್ಬೀನು ತಂದುಕೊಟ್ಟ ಅಣ್ಣನದು. ಪರ್ಕಳದ ಬಾಡಿಗೆ ಕೋಣೆಯಿಂದ ಹೊರಟು, ಇಗರ್ಜಿಯಲ್ಲಿ ಭಾನುವಾರದ ಪೂಜೆ ಮುಗಿಸಿ, ಅಜ್ಜರಕಾಡಿನ ಪಾರ್ಕಿಗೆ ಬರುತ್ತಿದ್ದ. ಬೇಸಿಗೆಯಲ್ಲಿ ಕಾರ್ಕಳದ ಆನೆಕೆರೆಗೂ ಹೋಗಿ, ನೀರುಹಕ್ಕಿ ನೋಡುತ್ತ ಕೊನೆಯ ಬಸ್ಸು ತಪ್ಪಿಸಿಕೊಂಡ. ಮಳೆಗಾಲದಲ್ಲಿ ಅವನು ಕೆಂಬೂತವೆಂದು ಬಹಳ ಹೊತ್ತು ಉಸಿರು ಬಿಗಿಹಿಡಿದು ನೋಡಿದ್ದು ಮರಕ್ಕೆ ಸಿಕ್ಕಿಕೊಂಡಿದ್ದ ಯಾರದೋ ಹರಿದ ಕೊಡೆ.

ಎಂಬತ್ತೆರಡರ ಡಿಸೆಂಬರಿನಲ್ಲಿ ಎಡವಟ್ಟಾಯಿತು. ಚಳಿಗಾಲಕ್ಕೆ ಬಂದಿಳಿದ ಹೊನ್ನಕ್ಕಿಯೊಂದು ಪಾರ್ಕಿನಿಂದ ಹಾರಿ ರಸ್ತೆಯಾಚೆಯ ಹಿತ್ತಿಲಿನ ಪೇರಳೆ ಮರದಲ್ಲಿ ಕೂತಿತು. ಸ್ಟ್ಯಾನಿಸ್ಲಾಸ ದುರ್ಬೀನು ಅತ್ತ ತಿರುಗಿಸಿದ. ಅದು ಅಪೊಲೋನಿಯಾ ಬಾಯಿಯ ಮನೆ. ಅವರ ಮಗಳು ಗ್ಲ್ಯಾಡಿಸಳನ್ನು ಹಿಂದಿನ ವಾರವಷ್ಟೇ ನೋಡಿ, ಮೆಚ್ಚಿ, ಉತ್ತರಕ್ಕೆ ಕಾಯುತ್ತಿದ್ದ. ಎದುರು ಬಾಗಿಲಿನಿಂದ ಹೋಗಿದ್ದವನಿಗೆ ಹಿತ್ತಿಲು ಗುರುತಾಗಲಿಲ್ಲ.

“ಹುಡುಗಿಯ ಮನೆಯ ಬಗ್ಗೆ ನಾಲ್ಕು ಜನರ ಹತ್ತಿರ ವಿಚಾರಿಸುವುದು ಉಂಟು,” ಬಾಯಿ ಬೇಲಿಯಿಂದಲೇ ಗುಡುಗಿದರು. “ದುರ್ಬೀನು ಹಿಡಿದು ಪರೀಕ್ಷೆ ಮಾಡುವುದು ಎಲ್ಲಿಯಾದರೂ ಉಂಟಾ? ಎಂತ ಕಂಡಿತು? ನಮ್ಮ ಪಾತ್ರೆಯ ತೂತಾ?”

“ಹಕ್ಕಿ, ಬಾಯಿ. ಹಳದಿ ಹಕ್ಕಿ.”

ಹಕ್ಕಿ ಆಗಲೇ ಹಾರಿಹೋಗಿತ್ತು. ಮರದಡಿಯ ಹಗ್ಗದಲ್ಲಿ ಗ್ಲ್ಯಾಡಿಸಳ ಹಳದಿ ಸೀರೆಯೊಂದೇ ಒಣಗುತ್ತಿತ್ತು.

ಸಂಬಂಧ ಮುರಿದ ಹಾಗೆಯೇ ಎಂದುಕೊಂಡ. ಆದರೆ ಮರುವಾರ ಇಗರ್ಜಿಯ ಅಂಗಳದಲ್ಲಿ ಗ್ಲ್ಯಾಡಿಸಳೇ ಹತ್ತಿರ ಬಂದಳು.

“ನಿಮ್ಮ ಹಕ್ಕಿ ನಿಜವಾದರೆ ಮಮ್ಮಿಗೂ ತೋರಿಸಿ. ರಜೆಯಲ್ಲಿ ನಾವು ಕಾಪುವಿಗೆ ಹೋಗ್ತೇವೆ. ಅಲ್ಲಿ ನಾನು ಸೀರೆ ಒಣಗಿಸುವುದಿಲ್ಲ ಮಾರಾಯ್ರೆ.”

ಕಾಪುವಿನ ಕಡಲ ದಂಡೆಯಲ್ಲಿ, ದೀಪಸ್ತಂಭದ ಮೇಲೆ ಕಡಲ ಹದ್ದು ಸುತ್ತುತ್ತಿತ್ತು. ಸ್ಟ್ಯಾನಿಸ್ಲಾಸ ಬಾಯಿಯ ಕೈಗೆ ದುರ್ಬೀನು ಕೊಟ್ಟ.

“ಮೇಲೆ ನೋಡಿ, ಬಾಯಿ. ಬಿಳಿ ಹೊಟ್ಟೆ ಕಾಣ್ತದಲ್ಲ?”

ದುರ್ಬೀನು ಮೇಲೆ ಹೋಗದೆ ದೂರದ ದೋಣಿಗಳ ಬಳಿ ನಿಂತುಬಿಟ್ಟಿತು.

“ಯೇ ಗ್ಲ್ಯಾಡಿಸ್! ಅದು ಪಕ್ಕದ ಮನೆಯ ಡುಲ್ಸಿನ್ ಅಲ್ವಾ? ಈ ತಿಂಗಳು ಬರೀ ಅಗ್ಗದ ಬೂತಾಯಿ ಮೀನಿನ ಸಾರು ಅಂತ ನನ್ನ ಹತ್ತಿರ ಗೋಳಾಡಿದವಳು. ಎಂಥ ದುಬಾರಿ ಅಂಜಲ್ ಮೀನು ಆರಿಸ್ತಾ ಇದ್ದಾಳೆ, ನೋಡು!”

“ಬಾಯಿ, ಹದ್ದು ಹೋಗ್ತಾ ಉಂಟು.”

“ಹೋಗಲಿ ಬಿಡಿ. ಇದು ಕೈಗೆ ಬಂದರೆ ಯಾರಾದರೂ ನೋಡದೆ ಇರ್ತಾರಾ? ಪಾಪ, ನಿಮ್ಮನ್ನು ಸುಮ್ಮನೆ ಬೈದೆ.”

ಸ್ಟ್ಯಾನಿಸ್ಲಾಸ ದುರ್ಬೀನಿನ ಎದುರಿಗೇ ಬಂದು ನಿಂತ. “ಹಾಗಾದರೆ ನಮ್ಮ ವಿಷಯ?”

“ಈಸ್ಟರ್ ಕಳೆದ ಮೇಲೆ ಮದುವೆ ಇಟ್ಟುಕೊಳ್ಳುವ,” ಬಾಯಿ ದುರ್ಬೀನು ಕೆಳಗಿಳಿಸದೆಯೇ ಹೇಳಿದರು. “ಈಗ ಸ್ವಲ್ಪ ಆಚೆ ಸರಿಯಿರಿ, ಡುಲ್ಸಿನ್ ಮರೆಯಾದಳು.”