ಕಂಪ್ಯೂಟರಿನ ನೀರಿಗೆ ಮದ್ದು

ಕಳೆದ ವಾರ ಪಕ್ಕದ ಮನೆಯ ಶರ್ಮಿಳಾ ತನ್ನ ಹೊಸ ಕಂಪ್ಯೂಟರನ್ನು ತೋರಿಸಲು ಕರೆದಳು. ಮದುವೆಯ ವೀಡಿಯೊಗಳನ್ನು ಕತ್ತರಿಸಿ ಜೋಡಿಸುವ ಕೆಲಸ ಅವಳದು. ಯಂತ್ರ ಬೇಗ ಬಿಸಿಯಾಗುತ್ತದೆಂದು, ಒಳಗೆ ನೀರು ಹರಿದು ತಂಪು ಮಾಡುವಂಥದ್ದನ್ನೇ ತರಿಸಿದ್ದಾಳೆ. ಮೇಜಿನ ಮೇಲೆ ಪುಟ್ಟ ಬಾಟಲಿಗಳಿದ್ದವು: ತುಕ್ಕು ಹಿಡಿಯದಂತೆ ಒಂದು, ಪಾಚಿ ಕಟ್ಟದಂತೆ ಇನ್ನೊಂದು, ಬರೇ ಬಣ್ಣಕ್ಕೆಂದು ಮತ್ತೊಂದು. ಆಂಟಿ, ನೀವು ಕೆಮಿಸ್ಟ್ರಿಯವರು, ಯಾವುದು ಹಾಕುವುದೆಂದು ಹೇಳಬೇಕು ಎಂದಳು. ನಾನು ಒಂದರ ಮುಚ್ಚಳ ತೆಗೆದು ಮೂಸಿದೆ. ಯಂತ್ರ ಮಾಡಿದವರು ಏನು ಹೇಳಿದ್ದಾರೋ ಅದನ್ನೇ ಹಾಕು, ಬಣ್ಣ ಬೇಡ ಎಂದೆ. ಅವಳಿಗೆ ಸಮಾಧಾನವಾಯಿತು. ನಾನು ಮನೆಗೆ ಬಂದು ಅಕ್ಕಿ ತೊಳೆಯುವ ಮೊದಲು ನೀರನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡೆರಡು ಸಲ ನೋಡಿದೆ.

ನೀವು ನಗಬಹುದು. ವಯಸ್ಸಾದ ಹೆಂಗಸು ಒಂದು ಬಾಟಲಿಯ ವಾಸನೆಗೆ ಹೀಗೆ ಹೆದರುವುದೆಂದರೆ ನನಗೂ ನಗು ಬರುತ್ತದೆ. ಆದರೆ ಆ ಮಂದವಾದ, ಸ್ವಲ್ಪ ಸಿಹಿ ಎನ್ನಿಸುವ ವಾಸನೆ ನನ್ನನ್ನು ನೇರ ಎಂಬತ್ತರ ದಶಕಕ್ಕೆ ಕರೆದುಕೊಂಡು ಹೋಯಿತು.

ಆಗ ನಾನು ಪಣಂಬೂರಿನ ದಾರಿಯ ಒಂದು ಖಾಸಗಿ ಕಾರ್ಖಾನೆಯಲ್ಲಿ ನೀರಿನ ಪರೀಕ್ಷೆ ಮಾಡುವ ಕೆಮಿಸ್ಟ್. ಕಂಕನಾಡಿಯ ನಮ್ಮ ಮನೆಯಲ್ಲಿ ಹುಡುಗಿಯರೆಂದರೆ ಟೀಚರ್ ಆಗಬೇಕು, ಇಲ್ಲ ನರ್ಸ್ ಆಗಬೇಕು. ಎರಡೂ ಆಗದೆ ದಿನವಿಡೀ ನೀರು ನೋಡುತ್ತ ಕೂರುವ ಮಗಳ ಬಗ್ಗೆ ಅಮ್ಮ ನೆಂಟರಿಗೆ ಏನು ಹೇಳುವುದೆಂದು ತಿಳಿಯದೆ, "ದೊಡ್ಡ ಆಫೀಸಿನಲ್ಲಿದ್ದಾಳೆ" ಎಂದು ಮಾತು ಮುಗಿಸುತ್ತಿದ್ದಳು.

ಕಾರ್ಖಾನೆಯ ಮಾಲೀಕರು ಬೊಂಬಾಯಿಯಿಂದ ಒಂದು ದೊಡ್ಡ ಕಂಪ್ಯೂಟರ್ ಕೊಂಡರು. ಬೇರೆ ಯಾರೋ ಬಳಸಿ ಬಿಟ್ಟದ್ದು. ಗೋದ್ರೆಜ್ ಕಪಾಟಿನಷ್ಟು ಎತ್ತರದ ಪೆಟ್ಟಿಗೆಗಳು, ಒಳಗೆ ತಾಮ್ರದ ಫಲಕಗಳು, ಅವುಗಳ ಮೂಲಕ ಸದಾ ತಣ್ಣೀರು ಓಡುತ್ತಿರಬೇಕು. ಆ ನೀರಿಗೆ ಹಾಕುವ ಮದ್ದು ಮಾತ್ರ ಯಂತ್ರದ ಜೊತೆ ಬರಲಿಲ್ಲ. ತರಿಸಲು ಹೊರದೇಶಕ್ಕೆ ಬರೆಯಬೇಕು, ಅದು ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಹಾಗಾಗಿ ಇಲ್ಲೇ ಏನನ್ನು ಹಾಕಬಹುದೆಂದು ಹೇಳುವ ಕೆಲಸ ನನ್ನ ತಲೆಗೆ ಬಂತು. ಅದಕ್ಕೆ ಮೊದಲು ನಾನು ಕಂಪ್ಯೂಟರ್ ಎಂಬುದನ್ನು ಕಣ್ಣಿನಿಂದ ನೋಡಿರಲಿಲ್ಲ.

ಕಂಪ್ಯೂಟರ್ ವಿಭಾಗಕ್ಕೆ ಮುಖ್ಯಸ್ಥರಾಗಿದ್ದವರು ಶೆಟ್ರು. ಬೊಂಬಾಯಿಯಲ್ಲಿ ಕೆಲಸ ಕಲಿತು ಊರಿಗೆ ಮರಳಿದವರು, ಒಳ್ಳೆಯವರು, ಆದರೆ ಆತುರದವರು. ಅವರ ಮಟ್ಟಿಗೆ ಉತ್ತರ ಸಿದ್ಧವಾಗಿತ್ತು. ಕಾರ್ಖಾನೆಯ ಬಿಸಿನೀರನ್ನು ತಣಿಸುವ ಕೂಲಿಂಗ್ ಟವರಿಗೆ ಹಾಕುವ ಹಳದಿ ಕ್ರೋಮೇಟ್ ಪುಡಿ ಗೋದಾಮಿನಲ್ಲಿ ಚೀಲಗಟ್ಟಲೆ ಇತ್ತು. ತುಕ್ಕು ತಡೆಯುವುದರಲ್ಲಿ ಅದಕ್ಕೆ ಸಾಟಿ ಇರಲಿಲ್ಲ. ಆದರೆ ಅದು ವಿಷ.

"ನಿಮಗೆ ಎಂತ ಹೆದರಿಕೆ? ಟವರಿಗೆ ದಿನಾ ಹಾಕುವುದೇ ಅಲ್ವಾ?" ಎಂದರು ಶೆಟ್ರು.

"ಟವರಿನ ನೀರು ಶುದ್ಧ ಮಾಡುವ ಟ್ಯಾಂಕಿಗೆ ಹೋಗ್ತದೆ. ಈ ಕೋಣೆಯ ನೀರು ಎಲ್ಲಿಗೆ ಹೋಗ್ತದೆ ಸರ್?"

ಅವರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಮಧ್ಯಾಹ್ನ ಊಟ ಬಿಟ್ಟು, ಕೊಡೆ ಹಿಡಿದುಕೊಂಡು ಆ ಕೋಣೆಯ ಪೈಪಿನ ಹಿಂದೆ ಹೊರಟೆ. ಪೈಪು ಕಂಪೌಂಡು ಗೋಡೆಯನ್ನು ದಾಟಿ ಮಳೆನೀರು ಹರಿಯುವ ಒಂದು ತೋಡಿಗೆ ಬೀಳುತ್ತಿತ್ತು. ತೋಡಿನ ಅಂಚಿನಲ್ಲೇ ಒಂದು ಬಾವಿ, ಬಾವಿಯ ಆಚೆ ಹಂಚಿನ ಮನೆ. ಅಂಗಳದಲ್ಲಿ ಐಸಮ್ಮ ಎಂಬ ಬ್ಯಾರಿ ಹೆಂಗಸು ಬಟ್ಟೆ ಹರವುತ್ತಿದ್ದರು. ನನ್ನ ಬಿಳಿ ಕೋಟು ನೋಡಿ, ಚುಚ್ಚುಮದ್ದು ಕೊಡಲು ಬಂದ ನರ್ಸ್ ಎಂದುಕೊಂಡು ಒಳಗಿನಿಂದ ಮೊಮ್ಮಗಳನ್ನು ಎತ್ತಿ ತಂದರು. ಹಲ್ಲು ಮೂಡದ ಕೂಸು, ನನ್ನನ್ನು ನೋಡಿ ನಕ್ಕಿತು. ಅಮ್ಮನ ಆಸೆ ಕೊನೆಗೂ ಹೀಗೆ ಈಡೇರಿತಲ್ಲ ಎಂದು ನನಗೂ ನಗು ಬಂತು. ಆದರೆ ನಗು ಉಳಿಯಲಿಲ್ಲ. ಮಗುವಿನ ತಾಯಿಗೆ ಜ್ವರ ಬಂದು ಎದೆಹಾಲು ನಿಂತಿದೆ, ಡಬ್ಬಿಯ ಹಾಲುಪುಡಿಯನ್ನು ಇದೇ ಬಾವಿಯ ನೀರಿನಲ್ಲಿ ಕಲಸಿ ಕೊಡುತ್ತೇವೆ ಎಂದು ಐಸಮ್ಮ ತುಳುವಿನಲ್ಲಿ ಹೇಳಿದರು.

ಕ್ರೋಮೇಟ್ ಆ ಕ್ಷಣಕ್ಕೇ ನನ್ನ ಮನಸ್ಸಿನಿಂದ ಹೋಯಿತು. ಅದರ ಬದಲಿಗೆ ನಾನು ಯೋಚಿಸಿಟ್ಟಿದ್ದು ನೈಟ್ರೈಟ್ ಎಂಬ ಬಿಳಿ ಉಪ್ಪು. ದೊಡ್ಡವರ ಮಟ್ಟಿಗೆ ಕ್ರೋಮೇಟಿನಷ್ಟು ಕೆಟ್ಟದ್ದಲ್ಲ. ಆದರೆ ಹಾಲು ಕುಡಿಯುವ ಮಕ್ಕಳ ಹೊಟ್ಟೆಗೆ ಹೋದರೆ ಅವರ ರಕ್ತ ಉಸಿರನ್ನು ಹೊರಲಾರದೆ ಮೈ ನೀಲಿಯಾಗುತ್ತದೆ. ಪುಸ್ತಕದಲ್ಲಿ ಓದಿದ್ದ ಆ ಸಾಲಿಗೆ ಈಗ ಒಂದು ಮುಖ ಬಂದುಬಿಟ್ಟಿತು. ನಾನು ಮಗುವಿನ ತುಟಿಯ ಬಣ್ಣ ನೋಡುತ್ತ ನಿಂತೆ.

ತೋಡಿಗೆ ಹೋಗುವ ಪೈಪನ್ನು ಬೇರೆ ಕಡೆ ತಿರುಗಿಸೋಣವೆಂದು ಕೇಳಿದೆ. ಅದಕ್ಕೆ ದಾರಿ ಅಗೆಯಬೇಕು, ಮಳೆಗಾಲ ಮುಗಿಯಲಿ ಎಂದರು. ಕಂಪ್ಯೂಟರ್ ಅಷ್ಟರವರೆಗೆ ಕಾಯುವಂತಿರಲಿಲ್ಲ. ಕೊನೆಗೆ ನಾನು ಹೇಳಿದ್ದು ಇಷ್ಟು: ಬಟ್ಟಿ ಇಳಿಸಿದ ಶುದ್ಧ ನೀರು, ತಾಮ್ರವನ್ನು ಕಾಯಲು ಬೇರೊಂದು ಮದ್ದು ಚಿಟಿಕೆಯಷ್ಟು, ಮತ್ತೇನೂ ಇಲ್ಲ. ತಿಂಗಳಿಗೊಮ್ಮೆ ನೀರು ಬದಲಿಸೋಣ, ಹಳೆಯದನ್ನು ಪೀಪಾಯಿಯಲ್ಲಿ ತುಂಬಿಸಿ ಟವರಿನ ನೀರು ಶುದ್ಧ ಮಾಡುವ ಟ್ಯಾಂಕಿಗೆ ಸಾಗಿಸೋಣ. ಸೋರಿ ತೋಡಿಗೆ ಹೋದರೂ ಆ ಮಗುವಿಗೆ ಅಪಾಯವಾಗದಷ್ಟು ತೆಳುವಾಗಿರಲಿ. ಶರ್ಮಿಳಾಳ ಬಾಟಲಿಯಲ್ಲಿ ನಾನು ಮೂಸಿದ್ದು ಆ ಚಿಟಿಕೆ ಮದ್ದಿನದೇ ವಾಸನೆ.

ಶೆಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇಷ್ಟು ತೆಳು ಮದ್ದು ಸಾಕಾಗದೆ ಯಂತ್ರ ಹಾಳಾದರೆ ಉತ್ತರ ಹೇಳುವವರು ಯಾರು?"

"ನಾನು," ಎಂದೆ. ಸಂಜೆ ಬಸ್ಸಿನಲ್ಲಿ ಕೂತಾಗಲೇ ಆ ಮಾತು ಆಡಿದ್ದು ನಾನೇ ಎಂಬುದು ಅರಿವಿಗೆ ಬಂದದ್ದು.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಪಾಡು. ನೀರಿನ ತೊಟ್ಟಿಗೆ ಒಂದು ಗಾಜಿನ ಕಿಂಡಿ ಇತ್ತು. ಕೆಲಸಕ್ಕೆ ಬಂದ ಕೂಡಲೇ, ಊಟಕ್ಕೆ ಮೊದಲು, ಊಟದ ನಂತರ, ಮನೆಗೆ ಹೊರಡುವಾಗ ಅದರಲ್ಲಿ ಇಣುಕುವುದು. ಬೆಳಕು ಓರೆಯಾಗಿ ಬಿದ್ದರೆ ಸಾಕು, ನೀರು ಹಸಿರಾದಂತೆ ಕಾಣುವುದು. ಮನೆಯಲ್ಲಿ ಕುಡಿಯುವ ಲೋಟವನ್ನೂ ಕಿಟಕಿಗೆ ಹಿಡಿದು ನೋಡುತ್ತಿದ್ದೆ. ಅಮ್ಮ ಕಾರಣ ಕೇಳಿ ತಿಳಿದುಕೊಂಡು, ಸಂಜೆಯ ಜಪಸರದ ಪ್ರಾರ್ಥನೆಯ ಕೊನೆಗೆ ಕಾಯಿಲೆಯವರ ಹೆಸರುಗಳ ಜೊತೆ ಕಂಪ್ಯೂಟರಿನ ನೀರನ್ನೂ ಸೇರಿಸಿದಳು.

ಒಂದು ದಿನ ನೀರು ನಿಜವಾಗಿಯೂ ಹಸಿರಾಯಿತು. ಯಂತ್ರ ಬಿಸಿಯೇರಿ ನಿಂತಿತು. ಸೋಸುವ ಜಾಲರಿಯಲ್ಲಿ ಪಾಚಿ ಲೋಳೆಯಾಗಿ ಕೂತಿತ್ತು. ಶೆಟ್ರು ಬೈಯಲಿಲ್ಲ, ಅದೇ ಹೆಚ್ಚು ಭಯ ಹುಟ್ಟಿಸಿತು. ಈಗಲಾದರೂ ಹಳದಿ ಪುಡಿ ಹಾಕುವ ಎಂದು ಮೆಲ್ಲಗೆ ಹೇಳಿದರು. ನಾನು ಒಂದು ವಾರ ಕೊಡಿ ಎಂದು ಬೇಡಿಕೊಂಡೆ. ಪಾಚಿಗೆ ಬೆಳಕು ಬೇಕು. ತೊಟ್ಟಿ ಇದ್ದದ್ದು ಪಡುವಣದ ಕಿಟಕಿಯ ಎದುರು. ಜಾಲರಿ ತೊಳೆಸಿ, ನೀರು ಬದಲಿಸಿ, ಗಾಜಿನ ಕಿಂಡಿಗೆ ಕಪ್ಪು ಬಣ್ಣ ಬಳಿಸಿ, ಕಿಟಕಿಗೆ ದಪ್ಪ ಪರದೆ ಹಾಕಿಸಿದೆ. ಈಗ ಇಣುಕಿ ನೋಡುವ ದಾರಿಯೂ ಹೋಯಿತು. ಕಾಣದ ನೀರಿಗೆ ಹೆದರುವುದು ಕಾಣುವ ನೀರಿಗೆ ಹೆದರುವುದಕ್ಕಿಂತ ಕಷ್ಟ. ವಾರ ಕಳೆಯಿತು, ಯಂತ್ರ ನಿಲ್ಲಲಿಲ್ಲ.

ಮಳೆಗಾಲ ಇನ್ನೂ ಮುಗಿದಿರಲಿಲ್ಲ. ಒಂದು ಬೆಳಗ್ಗೆ ಕಂಪ್ಯೂಟರಿನ ಹಿಂದಿನ ರಬ್ಬರ್ ಕೊಳವೆ ಒಡೆಯಿತು. ನಾನು ಓಡಿ ಹೋಗುವಾಗ ಶೆಟ್ರು ಯಂತ್ರ ಆರಿಸಿ, ಪ್ಯಾಂಟು ಮೊಣಕಾಲಿನವರೆಗೆ ಒದ್ದೆಯಾಗಿ ನಿಂತಿದ್ದರು. ತೊಟ್ಟಿಯ ನೀರೆಲ್ಲ ಪೈಪಿಗೆ ಇಳಿದು ಹೋಗಿತ್ತು. ಹೊರಗೆ ತೋಡು ತುಂಬಿ ಅಂಗಳಗಳಿಗೆ ನುಗ್ಗುತ್ತಿತ್ತು.

ಯಂತ್ರ ಹಾಳಾಯಿತೇ ಎಂದು ಅವರು ಕೇಳುತ್ತಾರೆಂದು ನಾನು ಉತ್ತರ ಹುಡುಕುತ್ತಿದ್ದೆ. ಅವರು ಕೇಳಿದ್ದು ಬೇರೆ. "ಆ ಮಗು ಉಂಟಲ್ಲ, ಅದಕ್ಕೆ ಎಂತ ಆಗ್ಲಿಕ್ಕಿಲ್ಲ ಅಲ್ವಾ?"

ನಾನು ಮಗುವಿನ ವಿಷಯ ಹೇಳಿದ್ದು ಒಂದೇ ಸಲ, ಅದೂ ವಾದದ ನಡುವೆ. ಆಗಲಿಕ್ಕಿಲ್ಲ ಸರ್, ಹಾಕಿದ್ದು ಚಿಟಿಕೆಯಷ್ಟೇ ಎಂದೆ. ಆದರೂ ಹೋಗಿ ಹೇಳಿ ಬರುವ ಎಂದು ಅವರೇ ಮುಂದೆ ನಡೆದರು. ಬಾವಿಯ ನೀರನ್ನು ಪರೀಕ್ಷೆ ಮಾಡಿ ಹೇಳುವವರೆಗೆ ಮಗುವಿಗೆ ಕೊಡಬೇಡಿ ಎಂದು ಐಸಮ್ಮನಿಗೆ ವಿವರಿಸಿದರು, ಕಾರ್ಖಾನೆಯಿಂದ ಕುಡಿಯುವ ನೀರು ಕಳಿಸಿದರು. ಪರೀಕ್ಷೆಯಲ್ಲಿ ನಮ್ಮ ಮದ್ದು ಕಾಣಿಸಲಿಲ್ಲ, ತೋಡಿನ ಕೆಸರು ಮಾತ್ರ ಇತ್ತು. ಬಾವಿ ಬರಿದು ಮಾಡಿಸಿ, ತೊಳೆಸಿ ಕೊಟ್ಟೆವು. ಮಳೆ ಹೋದ ಮೇಲೆ ಪೈಪಿನ ದಾರಿಯೂ ತಿರುಗಿತು. ಅಷ್ಟರಲ್ಲಿ ಮಗು ಗೋಡೆ ಹಿಡಿದು ನಿಲ್ಲುತ್ತಿತ್ತು.

ವರ್ಷಗಳ ನಂತರ ಯಂತ್ರವನ್ನು ಗುಜರಿಗೆ ಬಿಚ್ಚುವಾಗ ತಾಮ್ರದ ಫಲಕಗಳನ್ನು ತೆರೆಸಿ ನೋಡಿದೆ. ಅಲ್ಲಲ್ಲಿ ಕಲೆ ಹಿಡಿದು ಕೊರೆದಿತ್ತು. ಹಳದಿ ಪುಡಿ ಹಾಕಿದ್ದರೆ ಪ್ರಾಯಶಃ ಹಾಗಾಗುತ್ತಿರಲಿಲ್ಲ.

ಶೆಟ್ರು ಈಗ ನಾನಿರುವ ಕಾವೂರಿನಲ್ಲೇ ಇದ್ದಾರೆ. ನಾವು ಆಗಾಗ ಕೆರೆಯ ಬದಿಯಲ್ಲಿ ಸಿಗುತ್ತೇವೆ, ಮೊಣಕಾಲು ನೋವಿನ ಮಾತಾಡುತ್ತೇವೆ, ಆ ಯಂತ್ರದ ಸುದ್ದಿ ತೆಗೆದವರಲ್ಲ. ಮೊನ್ನೆ ಸಂಜೆ ಬೆಂಚಿನ ಮೇಲೆ ಕೂತಿದ್ದಾಗ, ಇಷ್ಟು ವರ್ಷ ಒಳಗೇ ಇಟ್ಟುಕೊಂಡದ್ದನ್ನು ಕೇಳಿಬಿಟ್ಟೆ. ಆಗ ಯಂತ್ರ ಕೆಟ್ಟು ಹೋಗಿದ್ದರೆ ಮಾಲೀಕರ ಮುಂದೆ ನನ್ನ ಹೆಸರು ಹೇಳುತ್ತಿದ್ದಿರಾ?

ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು.

"ಹೇಳ್ತಿದ್ದೆ," ಎಂದರು. "ಆದ್ರೆ ನಿಮ್ಮ ಪಕ್ಕದಲ್ಲೇ ನಿಂತು ಹೇಳ್ತಿದ್ದೆ."

ಕತ್ತಲಾಗುತ್ತಿದೆ, ಹೊರಡುವ ಎಂದು ಅವರು ಎದ್ದರು. ನಾನು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ.